ಎಲೆಕ್ಟ್ರಿಕ್ ಕಾರಿನಲ್ಲಿ ದೂರದೂರಿಗೆ: ಚಾರ್ಜಿಂಗ್ ಲೆಕ್ಕ ಹಾಕಿ ಹೊರಡಿ

ಆಫೀಸಿಗೆ ಹೋಗಲು ಎಲೆಕ್ಟ್ರಿಕ್ ಕಾರು, ಊರಿಗೆ ಹೋಗಲು ಬಾಡಿಗೆ ಕಾರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಇದೇ ರೂಢಿ. ಲಕ್ಷಾಂತರ ಕೊಟ್ಟು ತಂದ ಕಾರು ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಓಡಿ ರಾತ್ರಿ ಚಾರ್ಜಿಗೆ ನಿಲ್ಲುತ್ತದೆ. ದಸರಾ ರಜೆ ಬಂತು, ಧರ್ಮಸ್ಥಳಕ್ಕೋ ಹುಬ್ಬಳ್ಳಿಗೋ ಹೊರಡೋಣ ಎಂದ ಕೂಡಲೇ ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಏನು ಗತಿ?"

ಈ ಭಯ ಸುಳ್ಳಲ್ಲ. ನನ್ನ ಮೊದಲ ದೂರ ಪ್ರಯಾಣದಲ್ಲಿ ಬ್ಯಾಟರಿ ಶೇ 11ಕ್ಕೆ ಇಳಿದಾಗ ಒಂದು ಚಾರ್ಜಿಂಗ್ ಕೇಂದ್ರ ಮುಟ್ಟಿದೆ. ಆ್ಯಪ್‌ನಲ್ಲಿ ಹಸಿರು ಗುರುತಿತ್ತು, ಎದುರಿಗಿದ್ದ ಯಂತ್ರದ ಪರದೆ ಕಪ್ಪಾಗಿತ್ತು. ಮುಂದಿನ ಕೇಂದ್ರ 22 ಕಿ.ಮೀ. ದೂರ. ರಾತ್ರಿ ಹೊತ್ತು, ಹಿಂದಿನ ಸೀಟಿನಲ್ಲಿ ಮಕ್ಕಳು, ಗಂಟೆಗೆ 40ರ ವೇಗದಲ್ಲಿ ಉಸಿರು ಬಿಗಿ ಹಿಡಿದು ಕಾರು ಓಡಿಸಿದೆ. ತಲುಪಿದೆವು. ಅಂದು ಕಲಿತ ಪಾಠ ಒಂದೇ: ಹೆದ್ದಾರಿಯಲ್ಲಿ ನಮ್ಮ ಕೈ ಹಿಡಿಯುವುದು ಮೊದಲ ಚಾರ್ಜಿಂಗ್ ಕೇಂದ್ರವಲ್ಲ, ಎರಡನೆಯದು. ಮೊದಲನೆಯದು ಕೆಟ್ಟಿದ್ದರೂ ಎರಡನೆಯದನ್ನು ನೆಮ್ಮದಿಯಿಂದ ಮುಟ್ಟುವಷ್ಟು ಚಾರ್ಜ್ ಉಳಿದಿದ್ದರೆ ಎಲೆಕ್ಟ್ರಿಕ್ ಕಾರಿನ ಪ್ರಯಾಣಕ್ಕೆ ಅಂಜಬೇಕಿಲ್ಲ. ಈ ಲೇಖನದ ಲೆಕ್ಕಗಳೆಲ್ಲ ಇದೊಂದು ಮಾತನ್ನೇ ಸುತ್ತುತ್ತವೆ. ಹೊರಡುವ ಮುನ್ನ ಒಂದು ಹಾಳೆ, ಒಂದು ಪೆನ್ನು ಹಿಡಿದು ಅರ್ಧ ಗಂಟೆ ಕೂತರೆ ಸಾಕು.

ಎರಡು ಮಾತಿನ ಹಿನ್ನೆಲೆ

ಎಲೆಕ್ಟ್ರಿಕ್ ಕಾರು ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿದ ಪುಟ್ಟ ರೇವಾ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಊರೊಳಗೆ ಓಡಾಡಲು ಅಷ್ಟು ಸಾಕಿತ್ತು. 2017ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ವಾಹನಗಳಿಗೆಂದೇ ಪ್ರತ್ಯೇಕ ನೀತಿ ತಂದಿತು, ದೇಶದಲ್ಲಿ ಅಂಥ ಮೊದಲ ನೀತಿ ಅದು. 2018ರಲ್ಲಿ ಕೇಂದ್ರ ಇಂಧನ ಸಚಿವಾಲಯವು ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ ಎಂದು ಸ್ಪಷ್ಟಪಡಿಸಿತು. ಅಲ್ಲಿಂದ ಮುಂದೆ ಹೋಟೆಲು, ಮಾಲು, ಪೆಟ್ರೋಲ್ ಬಂಕುಗಳಲ್ಲೂ ಪರವಾನಗಿಯ ಗೋಜಿಲ್ಲದೆ ಚಾರ್ಜರ್ ಹಾಕಲು ದಾರಿಯಾಯಿತು. ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರ ಇರಬೇಕೆಂದು ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಎಲ್ಲ ರಸ್ತೆಗಳೂ ಇನ್ನೂ ಆ ಗುರಿ ಮುಟ್ಟಿಲ್ಲ. ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇವೆ. ಆದ್ದರಿಂದ ರಾಜ್ಯದಲ್ಲಿ ಒಟ್ಟು ಎಷ್ಟು ಕೇಂದ್ರಗಳಿವೆ ಎಂಬುದಕ್ಕಿಂತ ನಿಮ್ಮ ದಾರಿಯಲ್ಲಿ ಎಷ್ಟಿವೆ ಎಂಬುದೇ ಮುಖ್ಯ.

ಲೆಕ್ಕಕ್ಕೆ ಮೊದಲು ತಿಳಿದಿರಬೇಕಾದ ಮೂರು ಸಂಗತಿ

ಒಂದು, ಬ್ಯಾಟರಿಯ ಯೂನಿಟ್ ಮತ್ತು ಮನೆಯ ಕರೆಂಟ್ ಬಿಲ್ಲಿನ ಯೂನಿಟ್ ಎರಡೂ ಒಂದೇ. 45 ಕಿಲೋವಾಟ್ ಅವರ್ ಬ್ಯಾಟರಿ ಎಂದರೆ 45 ಯೂನಿಟ್ ಹಿಡಿಯುವ ಡಬ್ಬಿ. ಒಂದು ಯೂನಿಟ್‌ಗೆ ನಿಮ್ಮ ಕಾರು ಎಷ್ಟು ಕಿ.ಮೀ. ಓಡುತ್ತದೆ ಎಂಬುದೇ ಅದರ ಮೈಲೇಜು. ಕಂಪನಿ ಘೋಷಿಸುವ ರೇಂಜ್ ಪ್ರಯೋಗಾಲಯದ ರೋಲರ್ ಮೇಲೆ, ಹೆದ್ದಾರಿಗಿಂತ ಬಹಳ ಕಡಿಮೆ ಸರಾಸರಿ ವೇಗದಲ್ಲಿ ಅಳೆದದ್ದು. 45 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್‌ಗೆ ಘೋಷಿತ ರೇಂಜ್ 489 ಕಿ.ಮೀ. ಹೆದ್ದಾರಿಯಲ್ಲಿ ಆ ಗಾತ್ರದ ಕಾರಿಗೆ 300 ಕಿ.ಮೀ. ಎಂದು ಎಣಿಸುವುದೇ ಜಾಣತನ. ಅಂದರೆ ಬ್ಯಾಟರಿಯ ಶೇ 1ಕ್ಕೆ 3 ಕಿ.ಮೀ. ಈ ಒಂದು ಅಂಕಿ ಬಾಯಿಪಾಠವಾಗಿದ್ದರೆ ದಾರಿಯುದ್ದಕ್ಕೂ ಲೆಕ್ಕ ಬಾಯಲ್ಲೇ ಆಗುತ್ತದೆ.

ಎರಡು, ರೇಂಜನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚುತ್ತದೆ, ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. 80ರಲ್ಲಿ ಯೂನಿಟ್‌ಗೆ 7 ಕಿ.ಮೀ. ಕೊಡುವ ಮಧ್ಯಮ ಗಾತ್ರದ ಕಾರು 100ರಲ್ಲಿ ಐದೂವರೆಗೆ ಇಳಿಯಬಹುದು. ಎದುರು ಗಾಳಿಯದ್ದೂ ಇದೇ ಕಥೆ. ಮುಂಗಾರಿನ ದಿನಗಳಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಿರಿ. ಗಂಟೆಗೆ 20 ಕಿ.ಮೀ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಸ್ಪೀಡೋಮೀಟರ್ 90 ತೋರಿಸಿದರೂ ಕಾರು 110ರ ಗಾಳಿಯನ್ನು ಸೀಳುತ್ತಿರುತ್ತದೆ.

ಮೂರು, ಬ್ಯಾಟರಿ ಶೇ 80 ದಾಟಿದ ಮೇಲೆ ಚಾರ್ಜ್ ನಿಧಾನವಾಗುತ್ತದೆ. ಕೊಡ ಕಂಠದವರೆಗೆ ತುಂಬಿದಾಗ ಚೆಲ್ಲದಿರಲೆಂದು ನಲ್ಲಿ ಸಣ್ಣ ಮಾಡುತ್ತೇವಲ್ಲ, ಬ್ಯಾಟರಿಯ ನಿಯಂತ್ರಣ ವ್ಯವಸ್ಥೆಯೂ ಕೋಶಗಳಿಗೆ ಹಾನಿಯಾಗದಂತೆ ಹಾಗೇ ಮಾಡುತ್ತದೆ. ಕೊನೆಯ ಶೇ 20 ತುಂಬಲು, ಅದಕ್ಕೆ ಮೊದಲಿನ ಶೇ 40ಕ್ಕೆ ಬೇಕಾದಷ್ಟೇ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ಮನೆಯಿಂದ ಹೊರಡುವಾಗ 100 ಇರಲಿ. ದಾರಿಯಲ್ಲಿ ಮಾತ್ರ 20ರಿಂದ 80ರ ನಡುವೆ ಆಡಿ. ಒಮ್ಮೆ ಗಂಟೆಗಟ್ಟಲೆ ಕಾಯುವುದಕ್ಕಿಂತ ಎರಡು ಸಲ ಅರ್ಧರ್ಧ ಗಂಟೆ ನಿಂತರೆ ಬೇಗ ಊರು ಸೇರುತ್ತೀರಿ.

ಯೋಜನೆ ಹಾಕುವ ಕ್ರಮ

1. ನಿಮ್ಮ ಕಾರಿನ ಸ್ವಂತ ಅಂಕಿ ಕಂಡುಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಮನೆಯವರೊಡನೆ ತುಮಕೂರಿಗೋ ಕೋಲಾರಕ್ಕೋ ಹೋಗಿಬನ್ನಿ. ನೀವು ನಿಜವಾಗಿ ಓಡಿಸುವ ವೇಗ ಇರಲಿ, ಏರ್ ಕಂಡೀಷನರ್ ಓಡುತ್ತಿರಲಿ. ಓಡಿದ ಕಿಲೋಮೀಟರನ್ನು ಖರ್ಚಾದ ಶೇಕಡಾವಾರಿನಿಂದ ಭಾಗಿಸಿ. 130 ಕಿ.ಮೀ.ಗೆ ಶೇ 43 ಹೋಗಿದ್ದರೆ ಶೇ 1ಕ್ಕೆ 3 ಕಿ.ಮೀ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಅಡಿಪಾಯ.

2. ದಾರಿಯನ್ನು ತುಂಡು ಮಾಡಿ. ಮನೆಯಿಂದ ಮೊದಲ ನಿಲುಗಡೆಗೆ 100ರಿಂದ 20ರವರೆಗಿನ ಶೇ 80 ಸಿಗುತ್ತದೆ, ಅಂದರೆ 240 ಕಿ.ಮೀ. ಅಲ್ಲಿಂದ ಮುಂದಿನ ಪ್ರತಿ ತುಂಡಿಗೂ 80ರಿಂದ 20ರವರೆಗಿನ ಶೇ 60, ಅಂದರೆ 180 ಕಿ.ಮೀ. ಇದು ಗರಿಷ್ಠ ಮಿತಿ. ನಿಲುಗಡೆಯನ್ನು ಇದಕ್ಕಿಂತ ಮೂವತ್ತು ನಲವತ್ತು ಕಿ.ಮೀ. ಮೊದಲೇ ಗುರುತಿಸಿ.

3. ಚಾರ್ಜಿಂಗನ್ನು ಊಟ ತಿಂಡಿಯ ಹೊತ್ತಿಗೆ ಹೊಂದಿಸಿ. ಬೆಳಿಗ್ಗೆ ಆರಕ್ಕೆ ಹೊರಟರೆ ಒಂಬತ್ತಕ್ಕೆ ಎಲ್ಲಿರುತ್ತೀರಿ ನೋಡಿ. ಮಕ್ಕಳು, ಹಿರಿಯರು ಇದ್ದ ಮೇಲೆ ಹೇಗೂ ನಲವತ್ತು ನಿಮಿಷ ನಿಲ್ಲಲೇಬೇಕು. ಇಡ್ಲಿ ವಡೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಕಾರಿನ ಹೊಟ್ಟೆಯೂ ತುಂಬಿರುತ್ತದೆ. ಶೌಚಾಲಯ ಮತ್ತು ಹೋಟೆಲ್ ಇರುವ ಕೇಂದ್ರಕ್ಕೇ ಮೊದಲ ಆದ್ಯತೆ.

4. ನಕ್ಷೆಯ ಮೇಲಿನ ಚುಕ್ಕಿಗಳನ್ನು ಸೋಸಿ. ಪ್ಲಗ್‌ಶೇರ್‌ನಂಥ ಆ್ಯಪ್ ತೆರೆದರೆ ದಾರಿಯುದ್ದಕ್ಕೂ ಚುಕ್ಕಿಗಳು ಕಾಣುತ್ತವೆ. ಅವುಗಳಲ್ಲಿ ಸ್ಕೂಟರಿಗೆ ಹಾಕಿದ 3.3 ಕಿಲೋವಾಟ್ ಸಾಕೆಟ್ ಕೂಡ ಸೇರಿರುತ್ತದೆ. ನಿಮಗೆ ಬೇಕಾದ್ದು ಡಿಸಿ ಫಾಸ್ಟ್ ಚಾರ್ಜರ್, ಅದರಲ್ಲೂ ಸಿಸಿಎಸ್-2 ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಇರುವಂಥದ್ದು. ಈಗ ಮಾರಾಟದಲ್ಲಿರುವ, ಫಾಸ್ಟ್ ಚಾರ್ಜಿಂಗ್ ಸೌಲಭ್ಯದ ಹೆಚ್ಚಿನ ಕಾರುಗಳಿಗೆ ಹೊಂದುವುದು ಇದೇ. ಹಳೆಯ 15 ಕಿಲೋವಾಟ್ ಜಿಬಿ/ಟಿ ಗನ್ ಈ ಕಾರುಗಳಿಗೆ ಕೂರುವುದಿಲ್ಲ. 30 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನದನ್ನು ಮಾತ್ರ ಪಟ್ಟಿಗೆ ಸೇರಿಸಿ. ಎಂಜಿ ಕಾಮೆಟ್‌ನಂತೆ ಡಿಸಿ ಚಾರ್ಜಿಂಗೇ ಇಲ್ಲದ ಪುಟ್ಟ ಕಾರು ನಿಮ್ಮದಾಗಿದ್ದರೆ ದೂರ ಪ್ರಯಾಣಕ್ಕೆ ಅದು ತಕ್ಕುದಲ್ಲ, ಊರೊಳಗಿನ ಓಡಾಟಕ್ಕೇ ಇರಲಿ.

5. ಪ್ರತಿ ನಿಲುಗಡೆಗೂ ಒಂದು ಬದಲಿ ಬರೆಯಿರಿ. ಬದಲಿ ಕೇಂದ್ರ ಬೇರೆ ಸಂಸ್ಥೆಯದ್ದಾಗಿರಲಿ, ಸಾಧ್ಯವಾದರೆ ಬೇರೆ ಊರಿನದ್ದಾಗಿರಲಿ. ಒಂದೇ ಆವರಣದ ಎರಡು ಯಂತ್ರಗಳನ್ನು ನಿಲುಗಡೆ ಮತ್ತು ಬದಲಿ ಎಂದು ಎಣಿಸಬೇಡಿ. ಕರೆಂಟ್ ಹೋದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಶೇ 20 ಉಳಿಸಿಕೊಳ್ಳಿ ಎಂದು ಹೇಳುವುದು ಈ ಬದಲಿಗಾಗಿಯೇ. ಬದಲಿ 30 ಕಿ.ಮೀ. ದೂರವಿದ್ದರೆ ಅದಕ್ಕೆ ಶೇ 10 ಬೇಕು, ಉಳಿದ ಶೇ 10 ಧೈರ್ಯಕ್ಕೆ. ಬದಲಿ 60 ಕಿ.ಮೀ. ದೂರವಿದ್ದರೆ ಶೇ 20 ಸಾಲದು, 30 ಬೇಕು.

6. ಇತ್ತೀಚಿನ ಬಳಕೆದಾರರ ಮಾತು ಓದಿ. ಆ ಕೇಂದ್ರದಲ್ಲಿ ಕೊನೆಯದಾಗಿ ಯಾರು, ಯಾವ ದಿನ, ಯಾವ ಕಾರಿಗೆ ಚಾರ್ಜ್ ಮಾಡಿದರು, ಎಷ್ಟು ಕಿಲೋವಾಟ್ ಸಿಕ್ಕಿತು ಎಂಬುದನ್ನು ಆ್ಯಪ್‌ನಲ್ಲಿ ಬರೆದಿರುತ್ತಾರೆ. ಮೂರು ತಿಂಗಳಿಂದ ಯಾರೂ ಏನೂ ಬರೆದಿಲ್ಲವೆಂದರೆ ಅದನ್ನು ನೆಚ್ಚಬೇಡಿ. ಕಾರಿನ ಷೋರೂಮ್ ಒಳಗಿನ ಚಾರ್ಜರ್‌ಗಳು ರಾತ್ರಿ ಮತ್ತು ರಜೆಯ ದಿನ ಮುಚ್ಚಿರಬಹುದು, ಬೇರೆ ಕಂಪನಿಯ ಕಾರಿಗೆ ಕೊಡದಿರಲೂಬಹುದು. ಮೊದಲೇ ಫೋನ್ ಮಾಡಿ ಕೇಳಿ.

7. ಆ್ಯಪ್ ಮತ್ತು ದುಡ್ಡಿನ ಕೆಲಸ ಮನೆಯಲ್ಲೇ ಮುಗಿಸಿ. ಟಾಟಾ ಪವರ್, ಸ್ಟಾಟಿಕ್, ಜಿಯೋ-ಬಿಪಿ, ಜಿಯಾನ್, ಹೀಗೆ ಒಂದೊಂದು ಸಂಸ್ಥೆಗೂ ಒಂದೊಂದು ಆ್ಯಪ್. ಬೆಸ್ಕಾಂನದ್ದು ಇವಿ ಮಿತ್ರ. ನಿಮ್ಮ ದಾರಿಗೆ ಬೇಕಾದ ನಾಲ್ಕೈದನ್ನು ಹಿಂದಿನ ದಿನವೇ ಇಳಿಸಿಕೊಂಡು, ನೋಂದಾಯಿಸಿ, ವ್ಯಾಲೆಟ್‌ಗೆ ಒಂದಿಷ್ಟು ಹಣ ಹಾಕಿಡಿ. ಕೇಂದ್ರದ ಮುಂದೆ ನಿಂತು ಒಟಿಪಿಗೆ ಕಾಯುವ ಕಷ್ಟ ತಪ್ಪುತ್ತದೆ. ಫಾಸ್ಟ್ ಚಾರ್ಜಿಂಗ್ ದರ ಯೂನಿಟ್‌ಗೆ ಸಾಮಾನ್ಯವಾಗಿ 18ರಿಂದ 25 ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ ಸೇರುತ್ತದೆಯೇ ನೋಡಿಕೊಳ್ಳಿ.

ಒಂದು ಉದಾಹರಣೆ: ಬೆಂಗಳೂರಿನಿಂದ ಮಂಗಳೂರಿಗೆ

ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್. ರಾಷ್ಟ್ರೀಯ ಹೆದ್ದಾರಿ 75ರ ಈ ದಾರಿ ಸುಮಾರು 350 ಕಿ.ಮೀ. ಹಾಸನ ಹೆಚ್ಚುಕಡಿಮೆ ನಡುವಿಗೆ, 180 ಕಿ.ಮೀ.ಗೆ ಬರುತ್ತದೆ. 45 ಯೂನಿಟ್ ಬ್ಯಾಟರಿ, ಶೇ 1ಕ್ಕೆ 3 ಕಿ.ಮೀ. ಎಂದು ಹಿಡಿಯೋಣ.

ಹೋಗುವಾಗ: ಮನೆಯಿಂದ 100 ಇಟ್ಟುಕೊಂಡು ಹೊರಟರೆ ಹಾಸನ ಮುಟ್ಟಲು ಶೇ 60 ಬೇಕು, 40 ಉಳಿಯುತ್ತದೆ. ಅಲ್ಲಿ 80ಕ್ಕೆ ಏರಿಸಲು 18 ಯೂನಿಟ್. 30 ಕಿಲೋವಾಟ್ ಸಿಕ್ಕರೆ ಸುಮಾರು 40 ನಿಮಿಷ. ಅಲ್ಲಿಂದ ಮಂಗಳೂರಿಗೆ 170 ಕಿ.ಮೀ., ಸಮತಟ್ಟಾಗಿದ್ದರೆ ಶೇ 57 ಬೇಕು. ಆದರೆ ಸಕಲೇಶಪುರ ದಾಟಿದ ಮೇಲೆ ರಸ್ತೆ ಸಮುದ್ರಮಟ್ಟದತ್ತ ಸುಮಾರು 900 ಮೀಟರ್ ಇಳಿಯುತ್ತದೆ. ಇಳಿಜಾರಿನಲ್ಲಿ ಮೋಟಾರು ಡೈನಮೋದಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ವಾಪಸು ಕಳಿಸುತ್ತದೆ. ಅದರಿಂದ ಶೇ 5ರಷ್ಟು ಉಳಿತಾಯ ಎಂದು ಹಿಡಿದರೆ ಮಂಗಳೂರಿಗೆ 28ರಲ್ಲಿ ತಲುಪುತ್ತೀರಿ.

ಬರುವಾಗ: ಅದೇ ರಸ್ತೆ, ಅದೇ ದೂರ, ಲೆಕ್ಕ ಮಾತ್ರ ಬೇರೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರನ್ನು 900 ಮೀಟರ್ ಎತ್ತಲು 4 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಶಕ್ತಿ ಬೇಕು. ಮೋಟಾರಿನ ನಷ್ಟ ಸೇರಿದರೆ ಐದರ ಹತ್ತಿರ, ಅಂದರೆ ಶೇ 10. ಹಾಗಾಗಿ ಮಂಗಳೂರಿನಿಂದ ಹಾಸನಕ್ಕೆ ಶೇ 57 ಸಾಲದು, 67 ಬೇಕು. 80ರಲ್ಲಿ ಹೊರಟರೆ ಹಾಸನಕ್ಕೆ ಬರುವಾಗ 13 ಮಾತ್ರ ಉಳಿದಿರುತ್ತದೆ, ಬದಲಿ ಕೇಂದ್ರಕ್ಕೆಂದು ಇಟ್ಟ ಶೇ 20ಕ್ಕೇ ಕೈ ಹಾಕಿದಂತೆ. ರಾತ್ರಿ 100 ತುಂಬಿಸಿಕೊಂಡು ಹೊರಟರೆ 33 ಉಳಿಯುತ್ತದೆ. ಗುಂಡ್ಯದಿಂದ ಸಕಲೇಶಪುರದವರೆಗಿನ ಸುಮಾರು 40 ಕಿ.ಮೀ.ನಲ್ಲೇ ಶೇ 20ರಿಂದ 25 ಕರಗುವುದನ್ನು ಕಂಡು ಗಾಬರಿಯಾಗಬೇಡಿ. ಘಟ್ಟ ಹತ್ತಿದ ಮೇಲೆ ಖರ್ಚು ಮೊದಲಿನ ಲಯಕ್ಕೆ ಮರಳುತ್ತದೆ.

ನಿಮ್ಮದು 30 ಯೂನಿಟ್‌ನ ಹಳೆಯ ಬ್ಯಾಟರಿಯಾಗಿದ್ದರೆ ಶೇ 1ಕ್ಕೆ 2 ಕಿ.ಮೀ. ಎಂದು ಹಿಡಿಯಿರಿ. ಮನೆಯಿಂದ 160, ಆಮೇಲೆ 120 ಕಿ.ಮೀ. ಮಿತಿ. ಹಾಸನದ ಬದಲು ಬೆಳ್ಳೂರು ಕ್ರಾಸ್ ಅಥವಾ ಚನ್ನರಾಯಪಟ್ಟಣದಲ್ಲೇ ಮೊದಲ ನಿಲುಗಡೆ, ಘಟ್ಟ ಇಳಿಯುವ ಮುನ್ನ ಇನ್ನೊಂದು.

ಘಟ್ಟದ ದಾರಿಯಲ್ಲಿ ಎಚ್ಚರ

ಬ್ಯಾಟರಿ 100 ಇದ್ದಾಗ ಇಳಿಜಾರಿನಿಂದ ಬರುವ ವಿದ್ಯುತ್ತಿಗೆ ಒಳಗೆ ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ಪೂರ್ತಿ ತುಂಬಿಸಿಕೊಂಡು ಘಟ್ಟ ಇಳಿಯಬೇಡಿ. 80 ಇದ್ದರೆ ಸುರಕ್ಷತೆಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು. ಇಳಿಯುವಾಗ ರೀಜನರೇಶನ್ ಮಟ್ಟವನ್ನು, ಅಂದರೆ ಮೋಟಾರಿನ ಈ ಹಿಡಿತವನ್ನು, ಹೆಚ್ಚಿಸಿಕೊಳ್ಳಿ.

ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಹೊಸತಲ್ಲ. ಆಗ ಚಾರ್ಮಾಡಿ ಅಥವಾ ಸಂಪಾಜೆಯ ದಾರಿ ಹಿಡಿಯಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಹಾಸನ ಬಿಡುವಾಗ 80ರ ಬದಲು 90 ತುಂಬಿಸಿಕೊಳ್ಳಿ, ಆ ಹೆಚ್ಚಿನ ಹದಿನೈದು ಇಪ್ಪತ್ತು ನಿಮಿಷ ವ್ಯರ್ಥವಲ್ಲ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಹಲವೆಡೆ ಸಿಗದು. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಕೇಂದ್ರಗಳ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ರಾತ್ರಿ ತಂಗುವಲ್ಲೇ ಚಾರ್ಜ್

ದೂರ ಪ್ರಯಾಣದ ಅತಿ ಅಗ್ಗದ, ಅತಿ ನಂಬಿಕೆಯ ಚಾರ್ಜಿಂಗ್ ಕೇಂದ್ರ ಎಂದರೆ ನೀವು ಮಲಗುವ ಮನೆ. ಕಾರಿನೊಂದಿಗೆ ಬರುವ ಪೋರ್ಟಬಲ್ ಚಾರ್ಜರ್ 3.3 ಕಿಲೋವಾಟ್ ಎಳೆದರೆ ಒಂಬತ್ತು ಗಂಟೆಯಲ್ಲಿ, ನಷ್ಟ ಕಳೆದು, 26 ಯೂನಿಟ್‌ನಷ್ಟು ಸೇರುತ್ತದೆ. 45 ಯೂನಿಟ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ನಂಟರ ಮನೆಯಾಗಲಿ ಮಲೆನಾಡಿನ ಹೋಮ್‌ಸ್ಟೇ ಆಗಲಿ, ಮೊದಲೇ ಈ ಮೂರು ಪ್ರಶ್ನೆ ಕೇಳಿ:

1. ಕಾರು ನಿಲ್ಲುವ ಜಾಗದ ಹತ್ತಿರ 16 ಆ್ಯಂಪಿನ ಸಾಕೆಟ್ ಇದೆಯೇ? ಗೀಸರ್‌ಗೆ ಹಾಕುವ ದಪ್ಪ ಮೂರು ಪಿನ್ನಿನ ಸಾಕೆಟ್ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

2. ಅರ್ಥಿಂಗ್ ಸರಿಯಿದೆಯೇ? ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಅದು ನಿಮ್ಮ ಜೀವ ಕಾಯುವ ವ್ಯವಸ್ಥೆ. ಯಾರೋ ಹೇಳಿಕೊಟ್ಟ ಉಪಾಯದಿಂದ ಅದನ್ನು ತಪ್ಪಿಸಲು ಹೋಗಬೇಡಿ.

3. ರಾತ್ರಿ ಕರೆಂಟ್ ಇರುತ್ತದೆಯೇ, ವೋಲ್ಟೇಜ್ ಹೇಗಿದೆ? ಬೇಸಿಗೆಯಲ್ಲೂ ಜೋರು ಮಳೆಯಲ್ಲೂ ಮಲೆನಾಡಿನ ಒಳಭಾಗದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದುಂಟು. ಹೋಮ್‌ಸ್ಟೇ ಮುಟ್ಟುವಾಗ ಕನಿಷ್ಠ ಶೇ 35 ಉಳಿಸಿಕೊಂಡಿರಿ.

ಸಾಮಾನ್ಯ ಎಕ್ಸ್‌ಟೆನ್ಶನ್ ವೈರ್ ಬಳಸಲೇಬೇಡಿ. ಹದಿನಾಲ್ಕು ಹದಿನೈದು ಆ್ಯಂಪ್ ಕರೆಂಟ್ ರಾತ್ರಿಯಿಡೀ ಹರಿದರೆ ತೆಳು ವೈರ್ ಕಾದು ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಬಂದು ಪ್ಲಗ್ ಹತ್ತಿರ ಕೈ ಹಿಡಿದು ನೋಡಿ. ಸುಡುವಷ್ಟು ಬಿಸಿಯಿದ್ದರೆ ಸಾಕೆಟ್‌ನ ಸ್ವಿಚ್ ಆರಿಸಿ, ಅಲ್ಲಿ ಚಾರ್ಜ್ ಮಾಡುವುದನ್ನೇ ಬಿಡಿ. ಹೊರಡುವಾಗ ಬಳಸಿದ ಯೂನಿಟ್ ಲೆಕ್ಕ ಹಾಕಿ ಮಾಲೀಕರಿಗೆ ಹಣ ಕೊಟ್ಟು ಬನ್ನಿ. ಮುಂದೆ ಬರುವ ಎಲೆಕ್ಟ್ರಿಕ್ ಕಾರಿನವರಿಗೂ ಅವರು ನಗುಮುಖದಿಂದ ಸಾಕೆಟ್ ಕೊಡುತ್ತಾರೆ.

ಚಾರ್ಜಿಂಗ್ ಕೇಂದ್ರ ಮುಟ್ಟಿದ ಮೇಲೆ

1. ಮೊದಲು ಯಂತ್ರದ ಪರದೆ ನೋಡಿ, ಆಮೇಲೆ ಊಟಕ್ಕೆ ಹೇಳಿ. ಚಾರ್ಜ್ ಶುರುವಾಗಿ ಎರಡು ನಿಮಿಷ ಓಡಿದ ಮೇಲೇ ಅಲ್ಲಿಂದ ಕದಲಿ. ಶುರುವಾದ ಕೂಡಲೇ ನಿಂತುಹೋಗುವುದು ಉಂಟು.

2. 60 ಕಿಲೋವಾಟ್ ಎಂದು ಬರೆದ ಯಂತ್ರಕ್ಕೆ ಎರಡು ಗನ್ ಇದ್ದರೆ, ಎರಡು ಕಾರು ನಿಂತಾಗ ಹಲವು ಕಡೆ ತಲಾ 30 ಹಂಚಿಕೆಯಾಗುತ್ತದೆ. ಪಕ್ಕದ ಯಂತ್ರ ಖಾಲಿಯಿದ್ದರೆ ಅಲ್ಲಿಗೇ ಹೋಗಿ.

3. ನಿಮ್ಮ ಕಾರು ಸೆಳೆಯಬಲ್ಲ ಗರಿಷ್ಠ ಎಷ್ಟು ಎಂಬುದು ಗೊತ್ತಿರಲಿ. 30 ಕಿಲೋವಾಟ್ ಮಾತ್ರ ಸೆಳೆಯುವ ಕಾರನ್ನು 120ರ ಯಂತ್ರಕ್ಕೆ ಹಾಕಿದರೂ ಬರುವುದು ಮೂವತ್ತೇ.

4. ಗನ್ ಹಾಕಿದರೂ ಸಂಪರ್ಕ ಸಿಗದಿದ್ದರೆ ಕಾರು ಪೂರ್ತಿ ಆಫ್ ಮಾಡಿ, ಬಾಗಿಲು ಲಾಕ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಗನ್ನಿನ ಭಾರಕ್ಕೆ ಪಿನ್ನುಗಳು ಓರೆಯಾಗಿರಬಹುದು, ಕೈಯಿಂದ ಸ್ವಲ್ಪ ಮೇಲೆತ್ತಿ ಹಿಡಿಯಿರಿ. ಯಂತ್ರದ ಕೆಂಪು ತುರ್ತು ಗುಂಡಿ ಒತ್ತಿದ ಸ್ಥಿತಿಯಲ್ಲಿದೆಯೇ ಎಂದು ಅಲ್ಲಿನ ಸಿಬ್ಬಂದಿಯನ್ನೋ ಸಹಾಯವಾಣಿಯನ್ನೋ ಕೇಳಿ.

5. ಮಳೆಯಲ್ಲಿ ಚಾರ್ಜ್ ಮಾಡುವುದಕ್ಕೆ ಹೆದರಬೇಕಿಲ್ಲ. ಕಾರು ಮತ್ತು ಯಂತ್ರ ಪರಸ್ಪರ ಪರೀಕ್ಷಿಸಿಕೊಂಡ ಮೇಲಷ್ಟೇ ಗನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕೇಬಲ್ ಸೀಳಿದ್ದರೆ, ಗನ್ ನೀರಿನಲ್ಲಿ ಬಿದ್ದಿದ್ದರೆ ಮಾತ್ರ ಮುಟ್ಟಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರನ್ನೇ ನಂಬುವುದು: ಆ ಅಂಕಿ ಈಚಿನ ಓಡಾಟವನ್ನು ನೋಡಿ ಹೇಳಿದ ಅಂದಾಜು. ನಿನ್ನೆಯೆಲ್ಲ ನಗರದಲ್ಲಿ ನಿಧಾನವಾಗಿ ಓಡಿದ್ದರೆ ಇಂದು ಬೆಳಿಗ್ಗೆ ದೊಡ್ಡ ಸಂಖ್ಯೆ ತೋರಿಸುತ್ತದೆ. ಮುಂದಿನ ಘಟ್ಟ, ಎದುರು ಗಾಳಿ ಅದಕ್ಕೆ ಗೊತ್ತಿಲ್ಲ. ಶೇಕಡಾವಾರು ನೋಡಿ, ನಿಮ್ಮ ಅಂಕಿಯಿಂದ ಗುಣಿಸಿ.

ಏರ್ ಕಂಡೀಷನರ್ ಆರಿಸಿ ಬೆವರುತ್ತಾ 110ರಲ್ಲಿ ಓಡಿಸುವುದು: ಏರ್ ಕಂಡೀಷನರ್ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. 90ರ ವೇಗದಲ್ಲಿ ಕಾರು ಗಂಟೆಗೆ ಹದಿಮೂರು ಹದಿನಾಲ್ಕು ಯೂನಿಟ್ ತಿನ್ನುತ್ತದೆ. ಮಕ್ಕಳು ತಣ್ಣಗಿರಲಿ, ನೀವು ವೇಗ ತಗ್ಗಿಸಿ.

ಉಳಿದ ಸಮಯವನ್ನಷ್ಟೇ ಎಣಿಸುವುದು: 180 ಕಿ.ಮೀ. ದಾರಿಯನ್ನು 80ರ ಬದಲು 100ರಲ್ಲಿ ಓಡಿದರೆ 27 ನಿಮಿಷ ಉಳಿಯುತ್ತದೆ, 7 ಯೂನಿಟ್ ಹೆಚ್ಚು ಖರ್ಚಾಗುತ್ತದೆ. 30 ಕಿಲೋವಾಟ್ ಯಂತ್ರದಲ್ಲಿ ಅದನ್ನು ಮರಳಿ ತುಂಬಲು 14 ನಿಮಿಷ, 15ರ ಯಂತ್ರದಲ್ಲಿ 28 ನಿಮಿಷ ಬೇಕು. ಉಳಿಸಿದ್ದರಲ್ಲಿ ಅರ್ಧವೋ ಪೂರ್ತಿಯೋ ಚಾರ್ಜರ್ ಎದುರಿಗೇ ಕಳೆದುಹೋಗುತ್ತದೆ.

ಹಬ್ಬದ ಹಿಂದಿನ ಸಂಜೆ ಹೊರಡುವುದು: ದಸರಾ, ದೀಪಾವಳಿ, ವರ್ಷಾಂತ್ಯದ ದಿನಗಳಲ್ಲಿ ಹೆದ್ದಾರಿ ಕೇಂದ್ರಗಳಲ್ಲಿ ಸಾಲು ನಿಲ್ಲುತ್ತದೆ. ನಸುಕಿನಲ್ಲಿ ಹೊರಟರೆ ಸಾಲೂ ಕಡಿಮೆ, ಬಿಸಿಲೂ ಕಡಿಮೆ.

ಟೈರಿನ ಗಾಳಿ ಮತ್ತು ಛಾವಣಿಯ ಹೊರೆ ಮರೆಯುವುದು: ಗಾಳಿ ಕಡಿಮೆಯಿದ್ದರೆ, ಮೇಲೆ ಸಾಮಾನಿನ ಕ್ಯಾರಿಯರ್ ಇದ್ದರೆ ನೀವು ಕಂಡುಕೊಂಡ ಅಂಕಿ ತಪ್ಪುತ್ತದೆ. ಹೊರಡುವ ದಿನ ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿಸಿ.

ಚಾರ್ಜ್ ತೀರಾ ಕಡಿಮೆಯಾದರೆ

ಶೇ 10ಕ್ಕೆ ಇಳಿದು ಕೇಂದ್ರ ಇನ್ನೂ ದೂರವಿದ್ದರೆ ಮೊದಲು ವೇಗವನ್ನು 50ಕ್ಕೆ ತಗ್ಗಿಸಿ, ಎಡಬದಿಯಲ್ಲಿ ಸಾಗಿ. ವೇಗ ಅರ್ಧವಾದರೆ ಗಾಳಿಯ ತಡೆ ಕಾಲು ಪಾಲಿಗೆ ಬರುತ್ತದೆ. ಏರ್ ಕಂಡೀಷನರ್ ಆರಿಸುವುದಕ್ಕೆ ಈಗ ಅರ್ಥವಿದೆ. ರಾತ್ರಿಯಾದರೆ ಹೆಡ್‌ಲೈಟ್ ಆರಿಸಬೇಡಿ, ಅದು ತಿನ್ನುವುದು ತೀರಾ ಕಡಿಮೆ. ಹತ್ತಿರದ ಹೋಟೆಲ್, ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ ಯಾವುದಾದರೂ ಸರಿ, 16 ಆ್ಯಂಪಿನ ಸಾಕೆಟ್ ಕೇಳಿ. ಎರಡು ಗಂಟೆ ಹಾಕಿದರೆ ಸುಮಾರು 40 ಕಿ.ಮೀ. ಓಡುವಷ್ಟು ಸಿಗುತ್ತದೆ. ಎಳೆದೊಯ್ಯಲೇಬೇಕಾದರೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಮೋಟಾರಿಗೆ ಜೋಡಿಸಿದ ಚಕ್ರಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆದರೆ ಮೋಟಾರಿಗೆ ಹಾನಿಯಾಗಬಹುದು. ಬ್ಯಾಟರಿ ಖಾಲಿಯಾದಾಗ ಹತ್ತಿರದ ಚಾರ್ಜರ್‌ವರೆಗೆ ಕಾರು ಸಾಗಿಸುವ ಸೌಲಭ್ಯ ನಿಮ್ಮ ವಿಮೆಯಲ್ಲೋ ಕಂಪನಿಯ ರಸ್ತೆ ನೆರವಿನಲ್ಲೋ ಇದೆಯೇ ಎಂದು ಹೊರಡುವ ಮುನ್ನವೇ ಓದಿಕೊಳ್ಳಿ.

ಕೊನೆಗೊಂದು ಮನವಿ

ನಮ್ಮ ಹೆದ್ದಾರಿಗಳಲ್ಲಿ ಗನ್ನುಗಳು ಇನ್ನೂ ಕಡಿಮೆ, ಕಾರುಗಳು ದಿನದಿನಕ್ಕೆ ಹೆಚ್ಚುತ್ತಿವೆ. ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಗನ್ ಬಿಟ್ಟುಕೊಡಿ. ಕಾರು ಬಿಟ್ಟು ಊಟಕ್ಕೆ ಹೋಗುವಾಗ ಗಾಜಿನ ಒಳಗೆ ಫೋನ್ ಸಂಖ್ಯೆ ಬರೆದಿಡಿ. ಚಾರ್ಜ್ ಮುಗಿದ ಮೇಲೆ ಆ್ಯಪ್‌ನಲ್ಲಿ ಎರಡು ಸಾಲು ಬರೆಯಿರಿ: ಯಂತ್ರ ಕೆಲಸ ಮಾಡುತ್ತಿದೆಯೇ, ಎಷ್ಟು ಕಿಲೋವಾಟ್ ಬಂತು, ಹತ್ತಿರ ಶೌಚಾಲಯ ಇದೆಯೇ. ನೀವು ಬರೆದ ಆ ಎರಡು ಸಾಲು ನೋಡಿ ಮರುದಿನ ಒಂದು ಕುಟುಂಬ ರಾತ್ರಿ ಹೊತ್ತು ಕಪ್ಪು ಪರದೆಯ ಮುಂದೆ ನಿಲ್ಲುವುದು ತಪ್ಪುತ್ತದೆ.